ರೞ: ಮರೆಯಾದ ಅಕ್ಷರವೊಂದನ್ನು ಕಲಿಯುವ ಬಗೆ

ಹಳಗನ್ನಡ ಪಠ್ಯಗಳ ಬೋಧನೆಯಲ್ಲಿ ಮೊದಲಿಗೇ ಎದುರಾಗುವ ತೊಡಕುಗಳಲ್ಲಿ ಱ ಮತ್ತು ೞ ಅಕ್ಷರಗಳ ಪರಿಚಯವೂ ಒಂದು. ಇವೆರಡನ್ನೂ ‘ಇಂದು ಬಳಕೆಯಲ್ಲಿಲ್ಲದ ಅಕ್ಷರಗಳು’ ಎಂಬ ಒಂದೇ ಮಾತಿನಲ್ಲಿ ಮುಗಿಸಿ, ಱವನ್ನು ರ ಎಂದೂ ೞವನ್ನು ಳ ಎಂದೂ ಓದಿಕೊಂಡು ಮುಂದೆ ಸಾಗುವುದು ತರಗತಿಗಳಲ್ಲಿ ರೂಢಿಯಾಗಿದೆ. ಇದರಿಂದ ಓದು ಸುಗಮವಾದಂತೆ ತೋರಿದರೂ ಪಠ್ಯದ ಅರ್ಥಕ್ಕೆ ಆಗುವ ಹಾನಿ ಕಡಿಮೆಯದಲ್ಲ. ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ. ಆೞ್ ಎಂದರೆ ಮುಳುಗು, ಆಳ್ ಎಂದರೆ ಆಳ್ವಿಕೆ ನಡೆಸು. ಅೞಿ ಎಂದರೆ ನಾಶವಾಗು, ಅಳಿ ಎಂದರೆ ದುಂಬಿ. ಈ ಜೋಡಿಗಳಲ್ಲಿ ಅರ್ಥವನ್ನು ಬೇರ್ಪಡಿಸುವ ಹೊಣೆ ಒಂದೇ ಒಂದು ಅಕ್ಷರದ ಮೇಲಿದೆ. ಆ ಅಕ್ಷರವನ್ನು ಕೈಬಿಟ್ಟ ಓದುಗನು ಸಂದರ್ಭವನ್ನು ನೆಚ್ಚಿ ಊಹಿಸಬೇಕಾಗುತ್ತದೆ. ಪಠ್ಯವನ್ನು ನೆಚ್ಚಿ ಓದಲಾರ.

ಈ ಅಕ್ಷರಗಳನ್ನು ಕಲಿಸಲು ಸಾಮಾನ್ಯವಾಗಿ ಅನುಸರಿಸುವ ಮಾರ್ಗ ಶಬ್ದಪಟ್ಟಿಯನ್ನು ಬಾಯಿಪಾಠ ಮಾಡಿಸುವುದು. ಪರೀಕ್ಷೆ ಮುಗಿದೊಡನೆ ಪಟ್ಟಿ ಮರೆತುಹೋಗುತ್ತದೆ. ಇದಕ್ಕಿಂತ ನೆಚ್ಚಬಹುದಾದ ಮಾರ್ಗವೊಂದಿದೆಯೇ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ ೞಕಾರವನ್ನು ಮುಖ್ಯವಾಗಿಯೂ ಱಕಾರವನ್ನು ಅದಕ್ಕೆ ಪೂರಕವಾಗಿಯೂ ತೆಗೆದುಕೊಳ್ಳಲಾಗಿದೆ. ಉದಾಹರಣೆಗಳನ್ನು ಸಾಧ್ಯವಾದಷ್ಟೂ ಮಲೆನಾಡಿನ, ಅದರಲ್ಲೂ ತೀರ್ಥಹಳ್ಳಿ–ಆಗುಂಬೆ ಮಾರ್ಗದಲ್ಲಿರುವ ಮೇಗರವಳ್ಳಿಯ ಸುತ್ತಿನ ನಿತ್ಯಜೀವನದ ಮಾತುಗಳಿಂದ ಆರಿಸಿಕೊಳ್ಳಲಾಗಿದೆ.

1. ಅರ್ಥ, ಮೂಲ ಮತ್ತು ನೆನಪಿನ ಕೊಂಡಿ

ಅಕ್ಷರಗಳನ್ನು ನೆನಪಿನಲ್ಲಿ ಉಳಿಸಿಕೊಳ್ಳುವ ಸಮಸ್ಯೆಯನ್ನು ಅತ್ಯಂತ ತೀವ್ರವಾಗಿ ಎದುರಿಸುವವರು ಜಪಾನೀ ಭಾಷೆಯನ್ನು ಕಲಿಯುವವರು. ಅಲ್ಲಿ ನಿತ್ಯಬಳಕೆಗೆಂದು ಅಧಿಕೃತವಾಗಿ ಗೊತ್ತುಮಾಡಿರುವ ಕಾಂಜಿ ಚಿಹ್ನೆಗಳ ಸಂಖ್ಯೆ, 2010ರ ಪರಿಷ್ಕರಣೆಯಂತೆ, 2136. ಒಂದೊಂದು ಚಿಹ್ನೆಯನ್ನೂ ಅದರ ಅರ್ಥ, ಅದರ ಮೂಲ ಹಾಗೂ ಒಂದು ನೆನಪಿನ ಕೊಂಡಿ ಎಂಬ ಮೂರು ನೆಲೆಗಳಲ್ಲಿ ಕಲಿಯುವ ಕ್ರಮ ಅಲ್ಲಿ ಬಳಕೆಯಲ್ಲಿದೆ.

ಒಂದು ನಿದರ್ಶನವನ್ನು ನೋಡಬಹುದು. ಒಂದು ಚೌಕ, ಅದರೊಳಗೆ ಒಂದು ಅಡ್ಡಗೆರೆ, ಒಂದು ಉದ್ದಗೆರೆ: ಇಷ್ಟೇ ಒಂದು ಕಾಂಜಿಯ ರೂಪ. ಅಂಚುಗಳಿಂದ ನಾಲ್ಕು ಹಾಳಿಗಳಾಗಿ ವಿಭಜಿತವಾದ ಭೂಮಿಯ ಚಿತ್ರವದು. ಚೀನೀ ಭಾಷೆಯಲ್ಲಿ ಅದಕ್ಕೆ ಹೊಲವೆಂಬ ಸಾಮಾನ್ಯಾರ್ಥವಿದೆ. ಜಪಾನಿನಲ್ಲಿ ಅದು ನೀರುನಿಲ್ಲಿಸಿ ಭತ್ತ ಬೆಳೆಯುವ ಗದ್ದೆಗೆ ಮೀಸಲಾಯಿತು. ಹಾಗಾದಾಗ ಒಣಭೂಮಿಯನ್ನು ಸೂಚಿಸಲು ಬೇರೆ ಚಿಹ್ನೆ ಬೇಕಾಯಿತು. ಜಪಾನೀಯರು ಗದ್ದೆಯ ಚಿಹ್ನೆಯ ಎಡಕ್ಕೆ ಬೆಂಕಿಯ ಚಿಹ್ನೆಯನ್ನಿಟ್ಟು ಹೊಸದೊಂದನ್ನು ರಚಿಸಿಕೊಂಡರು. ಅದನ್ನು ‘ಹತಕೆ’ ಎಂದು ಓದುತ್ತಾರೆ. ಕಾಡನ್ನು ಸುಟ್ಟು ಮಾಡಿಕೊಂಡ ಹೊಲವೆಂಬುದು ಅದರ ಮೂಲಕಲ್ಪನೆ. ಕುಮರಿ ಬೇಸಾಯದ ಹೆಸರನ್ನು ಕೇಳಿರುವ ಮಲೆನಾಡಿನ ಕಲಿಕೆಗಾರನಿಗೆ ಇದನ್ನು ಎರಡನೆಯ ಬಾರಿ ವಿವರಿಸಬೇಕಾಗಿಲ್ಲ. ತನಗೆ ಗೊತ್ತಿರುವ ಸಂಗತಿಯೊಂದಕ್ಕೆ ಅಪರಿಚಿತ ಚಿಹ್ನೆ ತಗಲಿಕೊಂಡುಬಿಡುತ್ತದೆ.

ಇಲ್ಲಿ ಗಮನಿಸಬೇಕಾದ ವ್ಯತ್ಯಾಸವೊಂದಿದೆ. ಮೂಲ ಬೇರೆ, ನೆನಪಿನ ಕೊಂಡಿ ಬೇರೆ. ಕ್ರಿ.ಶ. 100ರ ಸುಮಾರಿಗೆ ಶು ಷೆನ್ ಎಂಬ ಚೀನೀ ವಿದ್ವಾಂಸನು ರಚಿಸಿದ ‘ಷುಓವೆನ್ ಜಿಯೆಝಿ’ ಎಂಬ ಕೋಶವು ಚಿಹ್ನೆಗಳನ್ನು ಆರು ವರ್ಗಗಳಲ್ಲಿ ವಿಂಗಡಿಸಿ ಅವುಗಳ ಮೂಲವನ್ನು ಶೋಧಿಸಲು ಯತ್ನಿಸುತ್ತದೆ. ಇದು ಶಾಸ್ತ್ರ. 1977ರಲ್ಲಿ ಜೇಮ್ಸ್ ಹೈಸಿಗ್ ಎಂಬವರು ಪ್ರಕಟಿಸಿದ ಪದ್ಧತಿಯಾದರೋ ಚಿಹ್ನೆಯ ಅಂಗಗಳಿಗೆ ಹೆಸರಿಟ್ಟು, ಅವುಗಳನ್ನು ಜೋಡಿಸಿ ಕಥೆ ಕಟ್ಟಿಕೊಳ್ಳುವಂತೆ ಕಲಿಕೆಗಾರನಿಗೆ ಸೂಚಿಸುತ್ತದೆ. ಆ ಕಥೆ ಚಾರಿತ್ರಿಕವಾಗಿ ನಿಜವಾಗಿರಬೇಕಾಗಿಲ್ಲ. ನೆನಪಿನಲ್ಲಿ ನಿಂತರೆ ಸಾಕು. ಮೊದಲನೆಯದಕ್ಕೆ ಆಧಾರ ಬೇಕು, ಎರಡನೆಯದಕ್ಕೆ ಉಪಯುಕ್ತತೆ ಸಾಕು. ಎರಡನ್ನೂ ಬೆರೆಸಿದರೆ ಕಲ್ಪಿತ ವ್ಯುತ್ಪತ್ತಿಗಳು ಹುಟ್ಟಿಕೊಳ್ಳುತ್ತವೆ.

ನೆನಪಿನ ಸೂತ್ರಗಳು ಕನ್ನಡ ವಿದ್ವತ್ಪರಂಪರೆಗೆ ಹೊಸವಲ್ಲ. ಅಕ್ಷರಗಣಗಳನ್ನು ಕಲಿಸಲು ಬಳಸುವ ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರದಲ್ಲಿ ‘ಯಮಾತಾ’ ಎಂಬ ಉಚ್ಚಾರವೇ ಯಗಣದ ಲಘುಗುರುಗಳನ್ನು ತೋರಿಸುತ್ತದೆ; ಹೆಸರಿನೊಳಗೇ ಲಕ್ಷಣವಿದೆ. ಕಾಗುಣಿತದ ತಲಕಟ್ಟು, ಕೊಂಬು, ಗುಡಿಸು, ಇಳಿ, ವಟ್ರಸುಳಿ ಎಂಬ ಹೆಸರುಗಳೂ ಆಕಾರವನ್ನು ಕಣ್ಣಮುಂದೆ ನಿಲ್ಲಿಸುವಂಥವೇ. ಆದರೆ ಕಾಂಜಿ ಅರ್ಥಸೂಚಕ, ಕನ್ನಡದ ಅಕ್ಷರ ಧ್ವನಿಸೂಚಕ. ಧ್ವನಿಸೂಚಕವಾದ ಅಕ್ಷರಕ್ಕೆ ಅರ್ಥವೆಲ್ಲಿಯದು ಎಂಬ ಪ್ರಶ್ನೆ ಸಹಜ. ಉಚ್ಚಾರಣೆಯಿಂದ ಮರೆಯಾದ ಅಕ್ಷರದ ಮಟ್ಟಿಗೆ ಇದಕ್ಕೆ ಉತ್ತರವಿದೆ: ಅದು ಯಾವ ಶಬ್ದಗಳನ್ನು ಬೇರ್ಪಡಿಸುತ್ತಿತ್ತೋ ಆ ಭೇದವೇ ಅದರ ಅರ್ಥ.

2. ಹೆಸರಿನೊಳಗಿನ ಲಕ್ಷಣ

ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ೞ, ಱ, ಳ, ಎ, ಒ ಎಂಬ ಐದನ್ನು ದೇಶೀಯ ಅಕ್ಷರಗಳೆಂದು ಗುರುತಿಸಿದ್ದಾನೆ. ಳಕಾರದಂತೆ ಕೇಳಿಸುವ ಧ್ವನಿಗಳನ್ನು ರೞ, ಕುಳ, ಕ್ಷಳ ಎಂದು ಮೂರಾಗಿ ವಿಂಗಡಿಸಿದ್ದಾನೆ. ೞವು ರೞ, ಕನ್ನಡದ ಸಹಜವಾದ ಳವು ಕುಳ, ಸಂಸ್ಕೃತದ ಲಕಾರವು ಕನ್ನಡದಲ್ಲಿ ಳಕಾರವಾದಾಗ ಅದು ಕ್ಷಳ. ಮೇಲೆ ಹೇಳಿದ ಅೞಿ (ನಾಶವಾಗು) ರೞವನ್ನುಳ್ಳದ್ದು; ಬಾಳ್ (ಕತ್ತಿ) ಕುಳವನ್ನುಳ್ಳದ್ದು; ಸಂಸ್ಕೃತದ ‘ಅಲಿ’ಯಿಂದ ಬಂದ ಅಳಿ (ದುಂಬಿ) ಕ್ಷಳವನ್ನುಳ್ಳದ್ದು. ರೞವಿರುವ ಶಬ್ದಗಳನ್ನು ಕೇಶಿರಾಜನು ಪಟ್ಟಿಮಾಡಿಯೂ ಕೊಟ್ಟಿದ್ದಾನೆ. ಆಡುಮಾತಿನಲ್ಲಿ ಸ್ಪಷ್ಟವಾಗಿ ಕೇಳಿಸುವ ಭೇದಕ್ಕೆ ಯಾವ ವೈಯಾಕರಣನೂ ಪಟ್ಟಿ ಕೊಡಬೇಕಾಗುವುದಿಲ್ಲ. ಪಟ್ಟಿಯ ಅಗತ್ಯ ಬಿದ್ದಿತೆಂಬುದೇ ಆ ವೇಳೆಗೆ ಈ ಧ್ವನಿಯು ಜನರ ನಾಲಗೆಯಿಂದ ಜಾರುತ್ತಿತ್ತೆಂಬುದಕ್ಕೆ ಸಾಕ್ಷಿ. ದ್ವಿತೀಯಾಕ್ಷರ ಪ್ರಾಸವನ್ನು ಪಾಲಿಸಬೇಕಾದ ಕವಿಗೆ ಅಂತಹ ಪಟ್ಟಿ ಕೈಪಿಡಿಯಂತೆ ಬೇಕಾಗಿತ್ತು.

‘ರೞ’ ಎಂಬ ಹೆಸರನ್ನು ನೆನಪಿನ ಕೊಂಡಿಯಾಗಿ ಬಳಸಲು ಅವಕಾಶವಿದೆ. ಈ ಹೆಸರಿನಲ್ಲಿ ಮೊದಲು ರ ಇದೆ, ಅನಂತರ ಳಕಾರವನ್ನು ಹೋಲುವ ಧ್ವನಿಯಿದೆ. ಈ ಅಕ್ಷರದ ಮುಂದಿನ ಚರಿತ್ರೆಯೂ ಇವೆರಡೇ ದಾರಿಗಳಲ್ಲಿ ಸಾಗಿದೆ. ಸ್ವರದ ಮುಂದೆ ಬಂದ ೞವು ಳ ಆಯಿತು. ವ್ಯಂಜನದ ಮುಂದೆ ಬಂದ ೞವು ರ ಆಗಿ, ಬಳಿಕ ಮುಂದಿನ ವ್ಯಂಜನದೊಡನೆ ಬೆರೆತು ದ್ವಿತ್ವವಾಯಿತು. ಹೆಸರಿಟ್ಟವರ ಉದ್ದೇಶ ಇದೇ ಆಗಿತ್ತೆಂದು ಹೇಳುವುದು ಇಲ್ಲಿನ ಅಭಿಪ್ರಾಯವಲ್ಲ. ಕಲಿಯುವವನಿಗೆ ಹೆಸರೇ ಸೂತ್ರವಾಗಿ ಒದಗುತ್ತದೆ ಎಂಬುದಷ್ಟೇ ತಾತ್ಪರ್ಯ.

3. ಕಾಣುವ ೞ, ಕಾಣದ ೞ

ಮೊದಲನೆಯ ದಾರಿಯ ಉದಾಹರಣೆಗಳು ಸುಲಭವಾಗಿ ಸಿಗುತ್ತವೆ. ಮೞೆಯು ಮಳೆಯಾಯಿತು, ಬಾೞೆಯು ಬಾಳೆಯಾಯಿತು, ಕೋೞಿಯು ಕೋಳಿಯಾಯಿತು, ಪುೞುವು ಹುಳುವಾಯಿತು, ಪೊೞೆಯು ಹೊಳೆಯಾಯಿತು. ‘ಪೞಗನ್ನಡ’ವೆಂಬ ಶಬ್ದವೇ ತನ್ನೊಳಗಿನ ಹಳೆಯ ಅಕ್ಷರವನ್ನು ಕಳೆದುಕೊಂಡು ‘ಹಳಗನ್ನಡ’ವಾಗಿದೆ. ಇಲ್ಲೆಲ್ಲ ೞ ಹೋದರೂ ಅದರ ಸ್ಥಾನದಲ್ಲಿ ಳ ನಿಂತಿದೆ. ಆದ್ದರಿಂದ ಅಕ್ಷರದ ಜಾಡು ಕಾಣಿಸುತ್ತದೆ.

ಎರಡನೆಯ ದಾರಿಯಲ್ಲಿ ಜಾಡು ಮೇಲ್ನೋಟಕ್ಕೆ ಸಂಪೂರ್ಣ ಅಳಿಸಿದೆ. ಮಲೆನಾಡಿಗರ ಬದುಕಿಗೆ ಆಧಾರವಾದ ‘ಗದ್ದೆ’ ಎಂಬ ಶಬ್ದವೇ ಇದಕ್ಕೆ ಉತ್ತಮ ನಿದರ್ಶನ. ಇದರ ಹಳೆಯ ರೂಪ ಗೞ್ದೆ. ಅಲ್ಲಿಂದ ಗರ್ದೆ, ಅಲ್ಲಿಂದ ಗದ್ದೆ. ತಮಿಳಿನ ‘ಕೞನಿ’ ಇದರ ಜ್ಞಾತಿಶಬ್ದ. ಪೊೞ್ತು ಎಂಬುದು ಪೊರ್ತು ಆಗಿ ಹೊತ್ತು ಆಯಿತು. ಕೞ್ತೆಯು ಕತ್ತೆಯಾಯಿತು. ಎೞ್ಪತ್ತು ಎಪ್ಪತ್ತಾಯಿತು. ಏಳು ಎಂಬ ಸಂಖ್ಯೆಯಲ್ಲಿ ಳಕಾರವಿದ್ದು ಎಪ್ಪತ್ತರಲ್ಲಿ ಅದು ಏಕೆ ಇಲ್ಲ ಎಂದು ವಿದ್ಯಾರ್ಥಿಯೊಬ್ಬನು ಕೇಳಿದರೆ ೞಕಾರದ ಹೊರತು ಬೇರಾವ ಉತ್ತರವೂ ತೃಪ್ತಿಕರವಾಗದು.

ಕ್ರಿಯಾಪದಗಳಲ್ಲಿ ಈ ಎರಡೂ ದಾರಿಗಳು ಒಂದೇ ಧಾತುವಿನಲ್ಲಿ ಅಕ್ಕಪಕ್ಕದಲ್ಲಿವೆ. ಬೀಳು–ಬಿದ್ದ, ಏಳು–ಎದ್ದ, ಅಳು–ಅತ್ತ, ಉಳು–ಉತ್ತ. ಇವುಗಳನ್ನು ಅನಿಯಮಿತ ರೂಪಗಳೆಂದು ಪಠ್ಯಪುಸ್ತಕಗಳು ಬದಿಗಿರಿಸುತ್ತವೆ. ವಾಸ್ತವವಾಗಿ ಇವು ನಿಯಮಕ್ಕೆ ಬದ್ಧವಾಗಿವೆ. ಬೀೞ್, ಏೞ್, ಅೞು, ಉೞು ಎಂಬ ಧಾತುಗಳ ಮುಂದೆ ಸ್ವರ ಬಂದಾಗ ೞವು ಳ ಆಗಿದೆ. ಭೂತಕಾಲದ ದಕಾರ, ತಕಾರಗಳು ನೇರವಾಗಿ ಬಂದಾಗ ಬಿೞ್ದ, ಎೞ್ದ, ಅೞ್ತ, ಉೞ್ತ ಎಂಬ ರೂಪಗಳು ಸಿದ್ಧಿಸಿ, ಅವು ಕಾಲಕ್ರಮದಲ್ಲಿ ದ್ವಿತ್ವಕ್ಕೆ ತಿರುಗಿವೆ.

ಇವುಗಳನ್ನೆಲ್ಲ ಒಂದು ವಾಕ್ಯದಲ್ಲಿ ಹೆಣೆಯಬಹುದು: ಗದ್ದೆಯಲ್ಲಿ ಬಿದ್ದ, ಅತ್ತ, ಎದ್ದ, ಉತ್ತ, ಹೊತ್ತು ಮುಳುಗಿತು.

ಈ ವಾಕ್ಯದ ಏಳು ಶಬ್ದಗಳಲ್ಲಿಯೂ ಮೂಲತಃ ೞಕಾರವಿತ್ತು: ಗೞ್ದೆ, ಬಿೞ್ದ, ಅೞ್ತ, ಎೞ್ದ, ಉೞ್ತ, ಪೊೞ್ತು, ಮುೞುಗು. ಇಂದಿನ ರೂಪಗಳಲ್ಲಿ ಳಕಾರವಾಗಿಯಾದರೂ ಉಳಿದಿರುವುದು ಕೊನೆಯ ಶಬ್ದದಲ್ಲಿ ಮಾತ್ರ. ಕಾಂಜಿಯ ಕಲಿಕೆಗಾರನು ಕಟ್ಟಿಕೊಳ್ಳುವ ಕಥೆಯಂತೆಯೇ ಇದೂ ಒಂದು ಪುಟ್ಟ ಕಥೆ. ಆದರೆ ಅಲ್ಲಿ ಕಥೆಯು ಕಲ್ಪಿತವಾಗಿರಲು ಅಡ್ಡಿಯಿಲ್ಲ. ಇಲ್ಲಿ ಕಥೆಯ ಒಂದೊಂದು ಶಬ್ದವೂ ಚರಿತ್ರೆಯಿಂದ ಸಮರ್ಥಿತವಾಗಿದೆ. ಮೂಲವೇ ನೆನಪಿನ ಕೊಂಡಿಯಾಗಿ ಒದಗುವುದು ೞಕಾರದ ವಿಶೇಷ. ಪಟ್ಟಿಗಿಂತ ಇದು ಮೇಲೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಪಟ್ಟಿಯು ಯಾವ ಶಬ್ದದಲ್ಲಿ ೞ ಇದೆ ಎಂಬುದನ್ನಷ್ಟೇ ಹೇಳುತ್ತದೆ. ಈ ವಾಕ್ಯವು ೞ ಏನಾಯಿತು ಎಂಬುದನ್ನೂ ಹೇಳುತ್ತದೆ.

4. ಎಚ್ಚರಿಕೆಯ ಅಂಶಗಳು

ಕೊಂಡಿಯನ್ನು ಪ್ರಮಾಣವೆಂದು ತಿಳಿಯುವ ಅಪಾಯ ಇಲ್ಲಿಯೂ ಇದೆ. ದ್ದ, ತ್ತ ಎಂಬ ದ್ವಿತ್ವ ಕಂಡಲ್ಲೆಲ್ಲ ೞಕಾರವನ್ನು ಊಹಿಸುವುದು ತಪ್ಪು. ಗೆದ್ದ ಎಂಬುದು ಗೆಲ್ ಧಾತುವಿನದು. ಇದ್ದ ಎಂಬುದು ಇರ್ ಧಾತುವಿನದು. ಕದ್ದ ಎಂಬುದು ಇನ್ನಷ್ಟು ಮೋಸಗೊಳಿಸುತ್ತದೆ. ಅದರ ಧಾತು ಕಳ್, ಅಲ್ಲಿರುವುದು ಕುಳ. ‘ಕಳ್ಳ’ ಎಂಬಲ್ಲಿ ದ್ವಿತ್ವವಾಗಿ ನಿಂತಿರುವುದೂ ಅದೇ ಕುಳ. ಸಾಮಾನ್ಯವಾಗಿ ಳ್ಳ ಎಂಬ ದ್ವಿತ್ವವು ಕುಳದ ಗುರುತೇ ಹೊರತು ರೞದ್ದಲ್ಲ. ಮೇಗರವಳ್ಳಿ, ತೀರ್ಥಹಳ್ಳಿಗಳ ಕೊನೆಯಲ್ಲಿರುವ ‘ಹಳ್ಳಿ’ಯ ಹಳೆಯ ರೂಪ ‘ಪಳ್ಳಿ’. ಅಲ್ಲಿಯೂ ಕುಳವೇ ಇದೆ. ಬೇಕಾದ ಕಡೆಯೆಲ್ಲ ೞವನ್ನು ತುಂಬಿ ಹಳಮೆಯನ್ನು ತೋರಿಸಲು ಹೊರಡುವವರು ಈ ಊರಹೆಸರುಗಳನ್ನು ನೆನೆಯುವುದು ಒಳ್ಳೆಯದು.

ಆದುದರಿಂದ ಊಹೆಯನ್ನು ಎರಡು ಸಾಕ್ಷಿಗಳಿಂದ ಪರೀಕ್ಷಿಸಬೇಕಾಗುತ್ತದೆ. ಮೊದಲನೆಯದು ಶಾಸನ ಹಾಗೂ ಪ್ರಾಚೀನ ಕಾವ್ಯಗಳ ಬರಹ. ಎರಡನೆಯದು ಸೋದರಭಾಷೆಗಳ ರೂಪ.

ಸೋದರಭಾಷೆಗಳ ಸಾಕ್ಷ್ಯಕ್ಕೆ ಮೇಗರವಳ್ಳಿಯಿಂದ ದೂರ ಹೋಗಬೇಕಾಗಿಲ್ಲ. ಆಗುಂಬೆಯ ಘಟ್ಟವಿಳಿದು ಸೋಮೇಶ್ವರ, ಹೆಬ್ರಿಗಳನ್ನು ದಾಟಿ ಉಡುಪಿಯ ಕಡೆಗೆ ಸಾಗಿದರೆ ಘಟ್ಟದ ಮೇಲಿನ ಕೋಳಿಯು ತುಳುವಿನಲ್ಲಿ ‘ಕೋರಿ’ಯಾಗುತ್ತದೆ, ಬಾಳೆಯು ‘ಬಾರೆ’ಯಾಗುತ್ತದೆ, ಹುಳುವು ‘ಪುರಿ’ಯಾಗುತ್ತದೆ. ಕಾಸರಗೋಡಿನ ಕನ್ನಡಿಗರು ನಿತ್ಯವೂ ಕೇಳುವ ಮಲಯಾಳದಲ್ಲಿ ಕೋೞಿ, ವಾೞ, ಮೞ, ಪುೞ ಎಂದು ಮೂಲಧ್ವನಿಯೇ ಉಳಿದಿದೆ. ಆಲಪ್ಪುೞ ಎಂಬ ಊರಹೆಸರಿನ ಕೊನೆಯಲ್ಲಿರುವುದು ನಮ್ಮ ಹೊಳೆಯೇ. ತಮಿೞ್ ಎಂಬ ಭಾಷೆಯ ಹೆಸರೇ ಆ ಧ್ವನಿಯನ್ನು ಹೊತ್ತಿದೆ. ತೆಲುಗಿನಲ್ಲಿ ಕೋಳಿಗೆ ‘ಕೋಡಿ’, ಏಳಕ್ಕೆ ‘ಏಡು’. ಆದರೆ ಕುಳವಿರುವ ಮುಳ್ಳು ತೆಲುಗಿನಲ್ಲಿ ‘ಮುಲ್ಲು’ ಆಗುತ್ತದೆಯೇ ಹೊರತು ಅಲ್ಲಿ ಡಕಾರ ಬರುವುದಿಲ್ಲ. ಕನ್ನಡದಲ್ಲಿ ಒಂದಾಗಿ ಬೆರೆತುಹೋದ ಎರಡು ಧ್ವನಿಗಳು ನೆರೆಹೊರೆಯಲ್ಲಿ ಬೇರೆಬೇರೆಯಾಗಿಯೇ ಉಳಿದಿವೆ. ಬರೋ ಮತ್ತು ಎಮಿನೋ ಅವರ ದ್ರಾವಿಡ ಜ್ಞಾತಿಪದಕೋಶ (1961; ಪರಿಷ್ಕೃತ ಆವೃತ್ತಿ 1984) ಈ ಹೋಲಿಕೆಯನ್ನು ಕ್ರಮಬದ್ಧವಾಗಿ ಒದಗಿಸುತ್ತದೆ. ಗಡಿಭಾಗದ ತರಗತಿಯಲ್ಲಿಯಾದರೋ ವಿದ್ಯಾರ್ಥಿಗಳ ಮನೆಮಾತುಗಳೇ ಕೋಶದ ಕೆಲಸವನ್ನು ಆರಂಭಿಸಿಕೊಡಬಲ್ಲವು.

5. ಶಕಟರೇಫ

ಱಕಾರಕ್ಕೆ ಶಕಟರೇಫವೆಂದು ಹೆಸರು. ಶಕಟವೆಂದರೆ ಬಂಡಿ; ತೆಲುಗಿನವರು ತಮ್ಮ ಱಕಾರವನ್ನು ‘ಬಂಡಿ ರ’ ಎಂದೇ ಕರೆಯುತ್ತಾರೆ. ಅಕ್ಷರದ ದುಂಡುಗೆರೆಯಲ್ಲಿ ಗಾಲಿಯನ್ನು ಕಾಣುವುದು ನೆನಪಿಗೆ ಸುಲಭವಾದ ಮಾರ್ಗ. ಇದು ಸಾಮಾನ್ಯ ರೇಫಕ್ಕಿಂತ ಗಡುಸಾದ ಧ್ವನಿಯಾಗಿದ್ದು, ಅರ್ಥವನ್ನು ಬೇರ್ಪಡಿಸುವ ಶಕ್ತಿಯನ್ನು ಪಡೆದಿತ್ತು. ಅಱಿ ಎಂದರೆ ತಿಳಿ. ಅರಿ ಎಂದರೆ ಕತ್ತರಿಸು. ಹಸುವಿನ ಹಾಲನ್ನು ಕಱೆಯುತ್ತಿದ್ದರು. ಹೆಸರು ಹಿಡಿದು ಕರೆಯುತ್ತಿದ್ದರು. ಇಂದು ಕೊಟ್ಟಿಗೆಯ ಕೆಲಸಕ್ಕೂ ಕೂಗಿಗೂ ‘ಕರೆ’ ಎಂಬುದೊಂದೇ ಶಬ್ದ.

ಸಂಖ್ಯಾವಾಚಕಗಳು ಇಲ್ಲಿಯೂ ನೆರವಾಗುತ್ತವೆ. ಮೂಱು, ಆಱು, ನೂಱು ಎಂಬ ಮೂರರಲ್ಲಿಯೂ ಶಕಟರೇಫವಿದೆ. ತುಳುವಿನಲ್ಲಿ ಇವು ಮೂಜಿ, ಆಜಿ, ನೂದು. ತುಳುವಿನಲ್ಲಿ ಜಕಾರ, ದಕಾರಗಳು ತೋರುವಲ್ಲಿ ಕನ್ನಡದ ರಕಾರವು ಸಾಮಾನ್ಯ ರೇಫವಾಗಿರಲಾರದೆಂಬ ಸಂಶಯ ಮೂಡುವುದು ಸಹಜ. ಆ ಸಂಶಯವೇ ಶೋಧಕ್ಕೆ ಮೊದಲು. ರೞ ಮತ್ತು ಶಕಟರೇಫಗಳೆರಡೂ ಕೂಡಿರುವ ಶಬ್ದವೊಂದು ಅೞ್ಕಱ್. ಪ್ರೀತಿಯೆಂಬ ಅರ್ಥದ ಈ ಶಬ್ದ ಎರಡೂ ಅಕ್ಷರಗಳನ್ನು ಕಳೆದುಕೊಂಡು ಇಂದು ‘ಅಕ್ಕರೆ’ಯಾಗಿ ಉಳಿದಿದೆ.

6. ಬರಹ, ಮುದ್ರಣ ಮತ್ತು ಗಣಕ

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟ 1904ರಲ್ಲಿ ಪ್ರಕಟವಾಯಿತು. ಸೊರಬ, ಸಾಗರ, ನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಇಂದಿನ ಹೊಸನಗರ ತಾಲ್ಲೂಕಿಗೆ ಸೇರಿದ ಹುಂಚದ ಸಾಂತರರ ಕಾಲದ ಶಾಸನಗಳೂ ಅಲ್ಲಿ ಸೇರಿವೆ. ಭೂದಾನವೇ ವಿಷಯವಾದ ಶಾಸನಗಳಲ್ಲಿ ಗದ್ದೆಯ ಪ್ರಸ್ತಾಪ ಮತ್ತೆಮತ್ತೆ ಬರುವುದು ಸಹಜ. ಕನ್ನಡ ಶಾಸನಗಳನ್ನು ಒಟ್ಟಾಗಿ ನೋಡಿದಾಗ ಗೞ್ದೆ, ಗರ್ದೆ, ಗದ್ದೆ ಎಂಬ ಮೂರು ರೂಪಗಳೂ ದೊರೆಯುತ್ತವೆ. ಶಾಸನವನ್ನು ಬರೆದವನು ಯಾವ ರೂಪವನ್ನು ಬಳಸಿದ್ದಾನೆ, ಕುಳವಿರಬೇಕಾದಲ್ಲಿ ತಪ್ಪಾಗಿ ೞವನ್ನು ಬರೆದಿದ್ದಾನೆಯೇ ಎಂಬುದು ಕಾಲನಿರ್ಣಯಕ್ಕೂ ಪ್ರತಿಗಳ ನಂಬಿಕೆಯ ನಿರ್ಣಯಕ್ಕೂ ನೆರವಾಗುವ ಸುಳಿವು. ಹಲ್ಮಿಡಿ ಶಾಸನದ ಕಾಲದಿಂದಲೂ ಪರಿಚಿತವಾದ ‘ಬಾಳ್ಗೞ್ಚು’ ಎಂಬ ದತ್ತಿಯ ಹೆಸರಿನಲ್ಲಿ ಬಾಳ್ ಎಂಬುದು ಕುಳವನ್ನೂ ಕೞ್ಚು (ತೊಳೆ) ಎಂಬುದು ರೞವನ್ನೂ ಹೊಂದಿವೆ. ಯುದ್ಧಾನಂತರ ಕತ್ತಿಯನ್ನು ತೊಳೆಯುವುದರ ಸಂಕೇತವಾದ 이 ದತ್ತಿಯ ಹೆಸರನ್ನು ಒಂದೇ ಳಕಾರದಿಂದ ಮುದ್ರಿಸಿದರೆ ಶಬ್ದದ ರಚನೆಯೇ ಮಸುಕಾಗುತ್ತದೆ.

ಕಿಟ್ಟೆಲ್ ಅವರು ತಮ್ಮ 1894ರ ನಿಘಂಟಿನಲ್ಲಿ ಈ ಅಕ್ಷರಭೇದವನ್ನು ಉಳಿಸಿಕೊಂಡರು. ಜನಪ್ರಿಯ ಆವೃತ್ತಿಗಳಲ್ಲಿಯಾದರೋ ಓದಿನ ಸೌಕರ್ಯಕ್ಕೆಂದು ೞವನ್ನು ಳ ಎಂದೂ ಱವನ್ನು ರ ಎಂದೂ ಬದಲಾಯಿಸಿ ಮುದ್ರಿಸುವ ಪದ್ಧತಿಯುಂಟು. ಸಾಮಾನ್ಯ ಓದುಗರ ದೃಷ್ಟಿಯಿಂದ ಇದನ್ನು ಸಮರ್ಥಿಸಬಹುದು. ಆದರೆ ಅಂತಹ ಆವೃತ್ತಿಯನ್ನೇ ಆಧರಿಸಿ ಸಂಶೋಧನೆ ನಡೆದಾಗ, ಅಥವಾ ಅದೇ ಪಾಠವು ಗಣಕಕ್ಕೆ ಏರಿದಾಗ, ಒಮ್ಮೆ ಅಳಿಸಿದ ಭೇದವನ್ನು ಪಠ್ಯದಿಂದಲೇ ಮರಳಿ ಪಡೆಯುವುದು ಸಾಧ್ಯವಾಗುವುದಿಲ್ಲ.

ಗಣಕದಲ್ಲಿ ಈ ಎರಡೂ ಅಕ್ಷರಗಳಿಗೆ ಸ್ಥಾನವಿದೆ. ಯುನಿಕೋಡ್ ಸಂಕೇತವ್ಯವಸ್ಥೆಯಲ್ಲಿ ಇವಕ್ಕೆ ಪ್ರತ್ಯೇಕ ಸಂಕೇತಗಳನ್ನು ನೀಡಲಾಗಿದೆ. ಆದರೆ ೞಕಾರಕ್ಕೆ ಅಲ್ಲಿ ದಾಖಲಾದ ಹೆಸರು ಫಕಾರವನ್ನು ಸೂಚಿಸುವಂಥದು. ಒಮ್ಮೆ ದಾಖಲಾದ ಹೆಸರನ್ನು ಬದಲಾಯಿಸುವಂತಿಲ್ಲವೆಂಬುದು ಆ ವ್ಯವಸ್ಥೆಯ ನಿಯಮವಾದ್ದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಸೇರಿಸಲಾಗಿದೆ. ಧ್ವನಿಯನ್ನು ಮರೆತು ಆಕಾರವನ್ನಷ್ಟೇ ನೋಡಿದಾಗ ೞವು ಫಕಾರದ ಬಳಗಕ್ಕೆ ಸೇರಿದಂತೆ ಕಾಣುವುದು ಅಸಹಜವಲ್ಲ. ಅಕ್ಷರವನ್ನು ಅದರ ಅರ್ಥ ಹಾಗೂ ಮೂಲಗಳೊಡನೆ ಕಲಿಯದಿದ್ದರೆ ಏನಾಗುತ್ತದೆಂಬುದಕ್ಕೆ ಇದು ಎಲ್ಲರಿಗೂ ಕಾಣುವಂತೆ ಉಳಿದಿರುವ ಉದಾಹರಣೆ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಬೋಧನೆಗೆ ಅನ್ವಯಿಸುವ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲಿಗೆ, ೞಕಾರವನ್ನು ಪ್ರತ್ಯೇಕ ಅಕ್ಷರವಾಗಿ ಕಲಿಸದೆ ಬಾೞ್–ಬಾಳ್, ಅೞಿ–ಅಳಿಗಳಂತಹ ಅರ್ಥಭೇದದ ಜೋಡಿಗಳ ಮೂಲಕ ಪರಿಚಯಿಸುವುದು ಯುಕ್ತ. ಎರಡನೆಯದಾಗಿ, ಬೀಳು–ಬಿದ್ದ, ಅಳು–ಅತ್ತ ಎಂಬ ಇಂದಿನ ರೂಪಗಳಿಂದ ಹೊರಟು ಹಳೆಯ ರೂಪಕ್ಕೆ ಹೋಗುವುದು ಫಲಕಾರಿ. ವಿದ್ಯಾರ್ಥಿಯು ತನ್ನ ಮಾತಿನಲ್ಲಿಯೇ ಅಡಗಿರುವ ಅಕ್ಷರವನ್ನು ತಾನೇ ಕಂಡುಕೊಳ್ಳುತ್ತಾನೆ. ಮೂರನೆಯದಾಗಿ, ಹೀಗೆ ಕಂಡುಕೊಂಡದ್ದನ್ನು ಶಾಸನಪಾಠ ಹಾಗೂ ಸೋದರಭಾಷೆಗಳ ಸಾಕ್ಷ್ಯದಿಂದ ಪರೀಕ್ಷಿಸುವ ಅಭ್ಯಾಸವನ್ನು ಆರಂಭದಿಂದಲೇ ಮಾಡಿಸಬೇಕು. ಕದ್ದ, ಗೆದ್ದ, ಇದ್ದಗಳು ಆ ಪರೀಕ್ಷೆಗೆ ಒಳ್ಳೆಯ ಸಾಮಗ್ರಿ. ಕೊನೆಯದಾಗಿ, ಸ್ನಾತಕೋತ್ತರ ತರಗತಿಗಳಿಗೆ ನಿಗದಿಪಡಿಸುವ ಹಳಗನ್ನಡ ಪಠ್ಯಗಳಾದರೂ ಱ, ೞಗಳನ್ನು ಉಳಿಸಿಕೊಂಡ ಆವೃತ್ತಿಗಳಾಗಿರಬೇಕು. ಪಠ್ಯದಲ್ಲಿಯೇ ಇಲ್ಲದ ಅಕ್ಷರವನ್ನು ಯಾವ ಕ್ರಮದಿಂದಲೂ ಕಲಿಸಲು ಬರುವುದಿಲ್ಲ.